ಕೊಕ್ಕರೆಗುಡ್ಡದಲ್ಲಿ ಫೈರಿಂಗ್

ಎಲ್ಲ ಶುರುವಾದದ್ದು ಒಂದು ಆಲೂಗಡ್ಡೆ ಚಿಪ್ಸ್ ಪೊಟ್ಟಣದಿಂದ.

ಪೊಟ್ಟಣದಲ್ಲಿ ಚಿಪ್ಸ್ ಇದ್ದದ್ದು ಏಳೆಂಟು, ಉಳಿದದ್ದೆಲ್ಲ ಗಾಳಿ. ಮಧುಕರನಿಗೆ ಎರಡೂ ಬೇಡವಾಗಿತ್ತು. ಅವನಿಗೆ ಬೇಕಾದದ್ದು ಪೊಟ್ಟಣದ ಕರಕರ ಸದ್ದು. ಬೆಳಗಿನ ಐದು ಗಂಟೆಗೆ ಕೊಕ್ಕರೆಗುಡ್ಡ ಐಲ್ಯಾಂಡ್ ರಿಸಾರ್ಟಿನ ಸ್ಟೋರ್ ರೂಮಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದರಲ್ಲಿ ಪೊಟ್ಟಣ ಹಿಚುಕುತ್ತ, ಹೊಟ್ಟೆಯ ಆಳದಿಂದ ಮೂಗಿನ ದಾರಿಯಾಗಿ ಒಂದು ಗಡಸು ದನಿಯನ್ನು ಹೊರಡಿಸಿದ.

“ಅಟೆನ್ಷನ್! ಅಟೆನ್ಷನ್! ಕರ್ರ್... ಆಜ್ ಸುಬಹ್ ಛೇ ಬಜೇ ಸೇ ಬಾರಹ್ ಬಜೇ ತಕ್... ಕರಕರ... ಕೊಕ್ಕರೆಗುಡ್ಡಾ ಕೇ ಆಸ್‌ಪಾಸ್ ಫೈರಿಂಗ್ ಹೋಗೀ. ಕೋಯೀ ನಾವ್ ಉಧರ್ ನಹೀಂ ಜಾಯೇಗೀ. ರಿಪೀಟ್, ನಹೀಂ ಜಾಯೇಗೀ! ಓವರ್!”

ಅಂಕೋಲೆಯ ಕಾಲೇಜಿನಲ್ಲಿ ಮೂರು ವರ್ಷ ಬಿಡದೆ ಮಿಮಿಕ್ರಿಗೆ ಮೊದಲ ಬಹುಮಾನ ಹೊಡೆದ ಗಂಟಲು ಅದು. ಪ್ರಿನ್ಸಿಪಾಲರ ಕೆಮ್ಮು, ಕಾಲೇಜು ಗೇಟಿನ ಕಿರ್ರ್, ಹುಟ್ಟೂರು ಕೇಣಿಯ ದಡದಲ್ಲಿ ಬಂಗಡೆ ಹಂಚುವಾಗಿನ ಜಗಳ ಎಲ್ಲವೂ ಆ ಗಂಟಲೊಳಗೆ ಬಾಡಿಗೆ ಕೊಡದೆ ವಾಸವಾಗಿದ್ದವು. ನೌಕಾದಳದ ಸಾಹೇಬ ಹೊಸ ಬಾಡಿಗೆದಾರ.

ದನಿಯನ್ನು ಮೊದಲು ತನ್ನದೇ ಇನ್ನೊಂದು ನಂಬರಿಗೆ ಕಳಿಸಿ, ಅಲ್ಲಿಂದ ‘ದೇವಬಾಗ ದೋಣಿ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಮಾಡಿದ. ಸ್ವಂತ ಮಾತಿಗೆ ಇಲ್ಲದ ಮರ್ಯಾದೆ ಫಾರ್ವರ್ಡಿಗೆ ಉಂಟು ಎಂಬುದು ಅವನ ಅನುಭವ. ಕೆಳಗೆ ಒಂದು ಸಾಲು ಸೇರಿಸಿದ: ‘ಈಗಷ್ಟೇ ಬಂತು. ಖರೆನೋ ಸುಳ್ಳೋ ಗೊತ್ತಿಲ್ಲ. ಹುಷಾರು.’

ಆರರಿಂದ ಹನ್ನೆರಡರವರೆಗೆ ನೌಕಾದಳ ಗುಂಡು ಹಾರಿಸುತ್ತದೆ, ಯಾವ ದೋಣಿಯೂ ಹೋಗಕೂಡದು ಎಂಬಂಥ ಸೂಚನೆ ಕಾರವಾರದ ಕಡಲಲ್ಲಿ ಕೇಳಿದರೆ ಯಾರೂ ‘ಯಾಕೆ’ ಎಂದು ಕೇಳುವುದಿಲ್ಲ. ಗುಂಡಿಗೆ ಉತ್ತರ ಹೇಳುವ ಅಭ್ಯಾಸವಿಲ್ಲ. ದೋಣಿಗಳು ದಡದಲ್ಲಿ ಬೆನ್ನು ಕಾಯಿಸಿಕೊಂಡು ಮಲಗುತ್ತವೆ, ಅಷ್ಟೆ. ಮಧುಕರನಿಗೆ ಬೇಕಾಗಿದ್ದದ್ದು ದೋಣಿಗಳೆಲ್ಲ ಮಲಗುವುದಲ್ಲ. ಒಂದೇ ಒಂದು ಪಾತಿ ದೋಣಿ, ಅದರಲ್ಲೂ ಗಂಗೂ ಎಂಬ ಒಬ್ಬಳೇ ಹೆಂಗಸು, ಒಂದೇ ಬೆಳಿಗ್ಗೆ ಮನೆಯಲ್ಲಿರಬೇಕಾಗಿತ್ತು.

ಯಾಕೆಂದರೆ ಕೊಕ್ಕರೆಗುಡ್ಡದಿಂದ ಅರ್ಧ ಕಿಲೋಮೀಟರು ಆಚೆ, ಕಡಲಿನ ನಡುವೆ, ಇಳಿತದಲ್ಲಿ ಮಾತ್ರ ತಲೆ ಎತ್ತುವ ಒಂದು ಅಗಲವಾದ ಬಂಡೆಯಿದೆ. ರಿಸಾರ್ಟಿನ ಬಣ್ಣದ ಪುಸ್ತಿಕೆಯಲ್ಲಿ ಅದರ ಹೆಸರು ‘ಕೋರಲ್ ಪಾಯಿಂಟ್’. ಎದುರು ದಡದ ದೇವಬಾಗದ ಹೆಂಗಸರ ಬಾಯಲ್ಲಿ ‘ಅತ್ತೆಬಂಡೆ’. ಸುತ್ತಲಿನ ಬಂಡೆಗಳನ್ನು ಅಲ್ಲಿಯ ಹೆಂಗಸರು ಯಾವ ಕಾಲದಲ್ಲೋ ಹಂಚಿಕೊಂಡಿದ್ದಾರೆ. ಬಂಡೆಗೆ ಕಚ್ಚಿಕೊಂಡ ಕಲ್ವವೆಂಬ ಚಿಪ್ಪುಮೀನನ್ನು ಉಳಿಯಿಂದ ಎಬ್ಬಿಸುವ ಹಕ್ಕು ಅತ್ತೆಯಿಂದ ಸೊಸೆಗೆ ಬರುತ್ತದೆ. ಅತ್ತೆಬಂಡೆ ಗಂಗೂಗೆ ಅವಳತ್ತೆ ಕೊಟ್ಟದ್ದು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಮರುದಿನದ ದೊಡ್ಡ ಇಳಿತಕ್ಕೆ ಗಂಗೂ ಅಲ್ಲಿ ಹಾಜರು. ಅವಳು ತಪ್ಪಿಸಿದರೆ ಚಂದ್ರನೇ ಏನೋ ಎಡವಟ್ಟು ಮಾಡಿಕೊಂಡಿರಬೇಕು.

ಈ ಸಲದ ದೊಡ್ಡ ಇಳಿತದ ದಿನವೇ ರಿಸಾರ್ಟಿಗೆ ‘ಹಸಿರು ಶಂಖ’ ಪ್ರಮಾಣಪತ್ರ ಕೊಡುವ ಪರೀಕ್ಷಕರು ಬರುವವರಿದ್ದರು. ಮ್ಯಾನೇಜರ್ ಆಶಿಷ ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ತುಂಬಿದ್ದ: ‘ಮನುಷ್ಯರ ಕೈ ಸೋಕದ ಬಂಡೆಸಾಲು.’

“ನೋಡಿ ಮಧುಕರ್, ಅವರು ತಮ್ಮ ಪರಿಚಯ ಹೇಳಲ್ಲ. ಮಾಮೂಲಿ ಗೆಸ್ಟ್ ಥರ ಆರು ಗಂಟೆ ಬೋಟಿಗೆ ಒಬ್ಬರೇ ಬರ್ತಾರೆ. ಕೈಯಲ್ಲಿ ಪುಸ್ತಕ ಇರುತ್ತೆ, ಪ್ರಶ್ನೆ ಕೇಳ್ತಾರೆ. ನೀವು ಅವರ ಹೆಸರು ಕೇಳೋ ಹಾಗಿಲ್ಲ, ಕೇಳಿದ್ರೆ ಮಾರ್ಕ್ ಕಟ್. ಪ್ರಮಾಣಪತ್ರ ಬಂತಾ, ನೀವು ಪರ್ಮನೆಂಟ್. ಆ ಕಲ್ವದ ಹೆಂಗಸು ಬಂಡೆ ಮೇಲೆ ಕಂಡ್ಲಾ, ನಿಮ್ಮ ಕೆಲಸ ಅವಳ ಬುಟ್ಟಿಗೆ” ಎಂದಿದ್ದ.

ಮಧುಕರ ಆರು ತಿಂಗಳಿಂದ ರಿಸಾರ್ಟಿನ ‘ಕಡಲಜೀವಿ ಗೈಡ್’. ಓದಿದ್ದು ಬಿ.ಕಾಂ. ಕೇಣಿಯ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಈಜು ಬಾರದು. ಹಲಸಿನ ಹೊಟ್ಟೆಯಲ್ಲಿ ಹುಟ್ಟಿ ಮೇಣಕ್ಕೆ ಹೆದರುವ ತೊಳೆಯ ಹಾಗೆ. ಹೆಸರೇನೋ ಜೇನುಹುಳದ್ದು, ಆದರೆ ಅದೃಷ್ಟಕ್ಕೆ ಸಿಕ್ಕಿದ್ದು ಬಂಡೆಯ ಸಂದಿಯಲ್ಲಿ ಅರಳುವ, ಮುಟ್ಟಿದರೆ ಚುಚ್ಚುವ ಕಡಲ ಹೂವು. ಆದರೂ ಈ ಕೆಲಸ ಅವನಿಗೆ ಬೇಕೇಬೇಕಿತ್ತು. ಹಬ್ಬುವಾಡದ ವಿನುತಾಳ ಫೋಟೋ ಅವನ ಪರ್ಸಿನಲ್ಲಿ ಎರಡು ತಿಂಗಳಿಂದ ನಗುತ್ತಿತ್ತು. ಕೇಣಿಯಿಂದ ಹೆತ್ತ ಆಯಿ ವಾರಕ್ಕೆರಡು ಸಲ ಫೋನು ಮಾಡಿ ಹೇಳುವುದು ಒಂದೇ ಮಾತು. “ಹಬ್ಬುವಾಡದೋರು ವಿಚಾರ ಮಾಡಿ ಹೇಳ್ತೆವು ಅಂದಾರೆ ತಮಾ. ನೌಕರಿ ಪರ್ಮನೆಂಟ್ ಆಗ್ದೆ ಹುಡುಗಿ ಕೊಡೂದಿಲ್ಲ ಅಂತೆ.”

ಸುಳ್ಳು ಹೇಳುವ ಮೊದಲು ಮಧುಕರ ಸತ್ಯವನ್ನೂ ಒಮ್ಮೆ ಪ್ರಯತ್ನಿಸಿದ್ದ. ಹಿಂದಿನ ವಾರ ಗಂಗೂ ಹತ್ತಿರ ಹೋಗಿ, “ಗಂಗಕ್ಕಾ, ಒಂದೇ ಒಂದು ದಿನ ಬಂಡೆಗೆ ಬರಬೇಡ” ಎಂದು ಕೈಮುಗಿದಿದ್ದ.

ಗಂಗೂ ಉಳಿ ಮಸೆಯುವುದನ್ನು ನಿಲ್ಲಿಸದೆ ಕೇಳಿದ್ದಳು. “ನಿಮ್ಮ ರಿಸಾರ್ಟು ಬಂದು ಎಷ್ಟ್ ವರ್ಷ ಆಯ್ತು?”

“ನಾಲ್ಕು.”

“ನನ್ನ ಅತ್ತೆ ಸತ್ತೇ ಇಪ್ಪತ್ತು ವರ್ಷ ಆಯ್ತು. ಅವಳು ಬದುಕಿರ್ವಾಗ ಅವಳ ಮಾತೇ ನಾ ಕೇಳ್ಲಿಲ್ಲ. ನಿನ್ನ ಮಾತು ಕೇಳ್ತೆನಾ? ಹೋಗು, ಹೋಗು.”

ಹೀಗಾಗಿ ಚಿಪ್ಸ್ ಪೊಟ್ಟಣ.

*

ಆರು ಗಂಟೆ ಬೋಟು ಬಂತು. ಬೋಟು ಮಾಬ್ಲೇಶ್ವರನದು, ಊರೆಲ್ಲ ಕರೆಯುವುದು ಮಾಬ್ಲು. ರಿಸಾರ್ಟಿನ ಸ್ವಂತ ಬೋಟು ರಿಪೇರಿಗೆ ಹೋಗಿ ತಿಂಗಳಾದ್ದರಿಂದ ಬರುವವರಿಗೂ ಹೋಗುವವರಿಗೂ ಅವನೇ ಗತಿ.

“ಒಬ್ರೇ ಬಂದಾರೆ ಮಾರಾಯಾ. ಇನ್ಯಾರೋ ಬರೂದಿತ್ತಂತೆ, ಹತ್ತು ಮಿನಿಟು ಕಾದೆ, ಪತ್ತೆ ಇಲ್ಲ” ಎಂದು ಮಾಬ್ಲು ಹಗ್ಗ ಎಸೆದ.

ಮಧುಕರನ ಕಿವಿಗೆ ಬಿದ್ದದ್ದು ‘ಒಬ್ರೇ’ ಎಂಬುದಷ್ಟೇ. ಬೋಟಿನಿಂದ ಇಳಿದವರು ಅರವತ್ತರ ಆಸುಪಾಸಿನ ಹೆಂಗಸು. ಕಾಟನ್ ಸೀರೆ, ಅದಕ್ಕೊಂದು ಕ್ಯಾನ್ವಾಸ್ ಶೂ, ಮೂಗಿನ ತುದಿಗೆ ಜಾರಿದ ಕನ್ನಡಕ. ಬಗಲಲ್ಲಿ ಉದ್ದನೆಯ ನೋಟ್‌ಬುಕ್ಕು. ಅದಕ್ಕೆ ಸಿಕ್ಕಿಸಿದ್ದ ಕೆಂಪು ಪೆನ್ನು ಕಂಡದ್ದೇ ಮಧುಕರನ ಬೆನ್ನುಹುರಿಯಲ್ಲಿ ಏಡಿ ಹರಿದಂತಾಯಿತು.

“ನಿಮ್ಮ ಬಂಡೆ ನೋಡಬೇಕಾಗಿತ್ತು” ಎಂದರು ಅವರು. “ತೋರಿಸೋರು ಮಧುಕರ ಅಂತ ಯಾರೋ ಇದ್ದಾರಂತಲ್ಲ?”

“ನಾನೇ ಮೇಡಂ! ವೆಲ್‌ಕಂ ಮೇಡಂ! ಹೆಸರು ಹೇಳೋದು ಬೇಡ ಮೇಡಂ, ನಮಗೆ ಎಲ್ಲ ಗೆಸ್ಟೂ ಒಂದೇ!”

ಅವರು ಕನ್ನಡಕದ ಮೇಲಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಆಶಿಷ ದೂರದ ತೆಂಗಿನ ಮರದ ಮರೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ.

ಹೊಸದಾಗಿ ಒಗೆದ ಒಂದೇ ಒಂದು ಲೈಫ್ ಜಾಕೆಟ್ಟು ಇತ್ತು. ಅದನ್ನು ಮೇಡಂಗೆ ತೊಡಿಸಿದ್ದಾಯಿತು. ಹಳೆಯವು ಮೀನು ವಾಸನೆ ಹೊಡೆಯುತ್ತವೆ, ಮಾರ್ಕು ಹೋಗುತ್ತದೆ ಎಂದು ಆಶಿಷ ಅವನ್ನೆಲ್ಲ ಬಚ್ಚಿಟ್ಟಿದ್ದ. ಮಾಬ್ಲು ಇಬ್ಬರನ್ನೂ ಅತ್ತೆಬಂಡೆಯ ಮೇಲೆ ಇಳಿಸಿದ. “ಎಂಟೂವರೆಗೆ ಬತ್ತೆ. ಒಂಬತ್ತಕ್ಕೆ ಭರತಿ ನೀರು ಬಂಡೆ ಮೇಲೆ ಹತ್ತೂಕೆ ಶುರುವಾಗ್ತದೆ. ನೆನಪಿರ್ಲಿ” ಎಂದವನು ದೇವಬಾಗದ ಕಡೆ ತಿರುಗಿದ.

ಏಳು ಗಂಟೆ. ಕಡಲು ತನ್ನ ಚಾದರ ಜಾರಿಸಿ ಮಲಗಿತ್ತು. ಬಂಡೆಯ ಕುಳಿಗಳಲ್ಲಿ ನಿಂತ ನೀರು ಕನ್ನಡಿಯಂತೆ. ಒಳಗೆ ನೇರಳೆ ಬಣ್ಣದ ಕಡಲ ಹೂವುಗಳು ನಿಧಾನವಾಗಿ ಬೆರಳಾಡಿಸುತ್ತಿದ್ದವು. ಕಿರುಬೆರಳಿನಷ್ಟು ಮೀನುಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದು ಸಂದಿಯಿಂದ ಇನ್ನೊಂದಕ್ಕೆ ಓಡುತ್ತಿದ್ದವು. ಸುತ್ತ ಒಂದು ದೋಣಿಯಿಲ್ಲ. ಗಂಗೂ ಇಲ್ಲ. ಮಧುಕರ ಮನಸ್ಸಿನಲ್ಲೇ ನೌಕಾದಳದ ಸಾಹೇಬನಿಗೆ ಸೆಲ್ಯೂಟ್ ಹೊಡೆದು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ಶುರುಮಾಡಿದ.

“ಇದು ಕಡಲ ಸೌತೆ ಮೇಡಂ.”

“ಹುಳಿಗೆ ಆಗ್ತದಾ?”

“ಇಲ್ಲ ಮೇಡಂ, ಇದು ಪ್ರಾಣಿ. ತುಂಬ ಹೆದರಿಸಿದರೆ ತನ್ನ ಕರುಳನ್ನೇ ಹೊರಗೆ ಕಾರಿಬಿಡ್ತದೆ.”

“ಪಾಪ” ಎಂದ ಮೇಡಂ ಪೆನ್ನಿನ ಟೋಪಿ ತೆಗೆದರು. “ಇರಲಿ. ನಿಮ್ಮ ಕೆಲಸ ಪರ್ಮನೆಂಟಾ?”

ಮಧುಕರ ಲೆಕ್ಕ ಹಾಕಿದ. ಸಿಬ್ಬಂದಿ ಕಲ್ಯಾಣದ ವಿಭಾಗ ಇರಬೇಕು! “ಪರ್ಮನೆಂಟೇ ಮೇಡಂ. ಈ ಬಂಡೆ ಹೇಗೋ ಹಾಗೆ.”

“ಕುಡಿಯೋದು?”

“ಫಿಲ್ಟರ್ ನೀರು ಮಾತ್ರ ಮೇಡಂ. ಪ್ಲಾಸ್ಟಿಕ್ ಬಾಟಲಿ ಪೂರ್ತಿ ನಿಷೇಧ.”

ಮೇಡಂ ತುಟಿ ಕಚ್ಚಿ ಬರೆದುಕೊಂಡರು. “ಈಜು ಬರ್ತದಲ್ಲ?”

“ಕೇಣಿಯವನು ಮೇಡಂ! ನಡೆಯೋದಕ್ಕಿಂತ ಮೊದಲು ಈಜಿದವನು.”

“ಊರಲ್ಲಿರೋದು ಸ್ವಂತ ಮನೆಯಾ?”

“ಸ್ಥಳೀಯರಿಗೇ ಉದ್ಯೋಗ ಮೇಡಂ, ಅದು ನಮ್ಮ ರಿಸಾರ್ಟಿನ ನೀತಿ.”

“ಸಿಟ್ಟು?”

“ಗೆಸ್ಟ್ ಹೊಡೆದರೂ ನಗ್ತೇನೆ ಮೇಡಂ.”

ಪ್ರತಿ ಉತ್ತರಕ್ಕೂ ಕೆಂಪು ಪೆನ್ನು ಏನೋ ಒಂದು ಗುರುತು ಹಾಕುತ್ತಿತ್ತು. ಅದು ಸರಿಯೋ ತಪ್ಪೋ ನೋಡಲು ಮಧುಕರ ಕುತ್ತಿಗೆಯನ್ನು ಕೊಕ್ಕರೆಯ ಹಾಗೆ ಉದ್ದ ಮಾಡಿದರೆ ಮೇಡಂ ಪುಸ್ತಕವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ಅವರು ಬಗ್ಗಿ, ಬಂಡೆಯ ಮೈಮೇಲೆ ಬೆರಳಾಡಿಸಿ, ಯಾರೋ ಉಳಿಯಿಂದ ಚಿಪ್ಪು ಎಬ್ಬಿಸಿದ ಬಿಳಿಯ ಕಲೆಯನ್ನು ಮುಟ್ಟಿ ನೋಡಿದರು.

“ಇಲ್ಲಿ ಕಲ್ವ ತೆಗೀಲಿಕ್ಕೆ ಯಾರೂ ಬರೋದಿಲ್ವಾ?”

“ಯಾರೂ ಇಲ್ಲ ಮೇಡಂ!”

“ಒಬ್ಬರೂ?”

“ನಾನು ಬಂದ ಮೇಲೆ ಒಂದು ನರಪಿಳ್ಳೆಯೂ ಮುಟ್ಟಿಲ್ಲ. ಬೇಕಾದರೆ ಆಯಿ ಮೇಲೆ ಆಣೆ.”

ಕೆಂಪು ಪೆನ್ನು ಈ ಸಲ ಉದ್ದಕ್ಕೆ ಓಡಿತು.

*

ಎಂಟೂವರೆ ಆಯಿತು. ಮಾಬ್ಲು ಇಲ್ಲ.

ಎಂಟೂ ಮುಕ್ಕಾಲು. ಕುಳಿಗಳಲ್ಲಿ ನಿದ್ದೆ ಮಾಡುತ್ತಿದ್ದ ನೀರು ಎಚ್ಚರಗೊಂಡು ಒಂದರ ಕೈ ಇನ್ನೊಂದು ಹಿಡಿಯತೊಡಗಿತು. ಮೊದಲು ಕಡಲ ಹೂವುಗಳು ಮುಳುಗಿದವು, ಆಮೇಲೆ ಕಡಲ ಸೌತೆ. ಬೆನ್ನಿಗೆ ಶಂಖ ಹೊತ್ತ ಒಂದು ಸನ್ಯಾಸಿ ಏಡಿ ಕಮಂಡಲ ಎತ್ತಿಕೊಂಡವರ ಹಾಗೆ ಬಂಡೆಯ ನಡುವಿನ ದಿಬ್ಬದ ಕಡೆ ಅವಸರದಲ್ಲಿ ಹೊರಟಿತು.

“ನಿಮ್ಮ ಬೋಟು?” ಎಂದರು ಮೇಡಂ.

“ಬರ್ತಾ ಇದೆ ಮೇಡಂ. ನಮ್ಮಲ್ಲಿ ಟೈಮ್ ಅಂದರೆ ಟೈಮ್” ಎಂದ ಮಧುಕರ ಬೆನ್ನು ತಿರುಗಿಸಿ ಮಾಬ್ಲುಗೆ ಫೋನು ಹಚ್ಚಿದ. ಪುಣ್ಯಕ್ಕೆ ನೆಟ್‌ವರ್ಕ್ ಒಂದು ಕಡ್ಡಿಯಷ್ಟು ಇತ್ತು.

“ಮಾಬ್ಲು, ಎಲ್ಲಿದ್ದೆ?”

“ಮನೇಲಿ. ಚಾ ಕುಡೀತೆ. ನೀವೂ ದಡ ಸೇರ್ಕಂಡ್ರಲ್ಲ?”

“ಯಾವ ದಡ? ಬಂಡೆ ಮೇಲೆ ಇದ್ದೇವೆ! ಬಾ ಬೇಗ!”

“ಹ್ಯಾಂಗೆ ಬರೂದು ಮಾರಾಯಾ? ಫೈರಿಂಗ್ ಅದೆಯಲಾ!”

ಮಧುಕರ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿದ.

“ನಾ ಬಂದು ದೋಣಿ ಕಟ್ಟೂಕೂ ಇಲ್ಲೆಲ್ಲ ಅದೇ ಸುದ್ದಿ” ಎಂದು ಮಾಬ್ಲು ಮುಂದುವರಿಸಿದ. “ಸಾಹೇಬ್ರ ದನಿನೇ ಅದೆ. ನಾ ಎರಡು ಸಲ ಕೇಳ್ದೆ. ಒಂದು ದೋಣಿ ಹೊರಗೆ ಬಿದ್ದಿಲ್ಲ. ನಿಮ್ಮನ್ನ ರಿಸಾರ್ಟಿನೋರೇ ಯಾರಾದ್ರೂ ತಂದಿರ್ಬೇಕು ಅಂದ್ಕಂಡೆ.”

“ಅದು ಸುಳ್ಳು!”

“ನಿಂಗೆ ಹ್ಯಾಂಗೆ ಗೊತ್ತು?”

ಮಧುಕರ ಹಿಂತಿರುಗಿ ನೋಡಿದ. ಮೇಡಂ ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತು ಕಡಲು ನೋಡುತ್ತಿದ್ದರು. ಅವನು ಬಾಯಿಗೆ ಕೈ ಅಡ್ಡ ಇಟ್ಟು ಪಿಸುಗುಟ್ಟಿದ. “ಅದು ನನ್ನದೇ ದನಿ ಮಾರಾಯಾ. ನಾನೇ ಮಾಡಿದ್ದು.”

ಆ ಕಡೆಯಿಂದ ದೊಡ್ಡ ನಗೆ. “ಹೋಗಾ! ಹಿಂದಿ ನಿಂಗೆಲ್ಲಿ ಬರ್ತದೆ? ಹೋದ ತಿಂಗಳು ಗೋವಾದಿಂದ ಬಂದ ಆ ಅಜ್ಜಿಗೆ ‘ಬೈಠಿಯೇ’ ಅನ್ನೂಕೆ ‘ಲೇಟಿಯೇ’ ಅಂದು ಬೋಟಲ್ಲಿ ಉದ್ದಕ್ಕೆ ಮಲಗ್ಸಿದ್ದೆ, ನೆನಪದೆಯಾ? ನೋಡು, ನಂಗೆ ಎರಡು ಮಕ್ಕಳಿದ್ದಾರೆ. ಹನ್ನೆರಡಕ್ಕೆ ಫೈರಿಂಗ್ ಮುಗೀತದೆ, ಹನ್ನೆರಡೂ ಐದಕ್ಕೆ ಬತ್ತೆ. ಬಗ್ಗಿ ಕೂತ್ಕಣಿ.”

ಹನ್ನೆರಡೂ ಐದಕ್ಕೆ ಬಂಡೆಯ ಮೇಲೆ ಒಂದಾಳು ನೀರು ನಿಂತಿರುತ್ತದೆ. ಬಗ್ಗಿ ಕೂರುವ ಪ್ರಶ್ನೆಯೇ ಇರಲಿಲ್ಲ.

ಆಶಿಷನಿಗೆ ಫೋನು ಮಾಡಿದ. ಬಿಜಿ. ಇನ್ನೊಮ್ಮೆ ಮಾಡಿದ. ಬಿಜಿ. ಹತ್ತು ಸಲ ಮಾಡಿದರೂ ಹೆಣ್ಣುದನಿಯೊಂದು ನಯವಾಗಿ ಆಮೇಲೆ ಪ್ರಯತ್ನಿಸಿ ಎಂದು ಹೇಳುತ್ತಿತ್ತು. ಆ ‘ಆಮೇಲೆ’ ಎಂಬ ಶಬ್ದ ಅಷ್ಟು ಭಯಂಕರವಾಗಿ ಅವನಿಗೆ ಎಂದೂ ಕೇಳಿಸಿರಲಿಲ್ಲ.

ಒಂಬತ್ತೂಕಾಲಿಗೆ ಇಬ್ಬರೂ ನಡುವಿನ ದಿಬ್ಬ ಹತ್ತಿದರು. ದಿಬ್ಬವೆಂದರೆ ಎರಡು ಊಟದ ಮಣೆಯಷ್ಟು ಜಾಗ. ಅದರಲ್ಲಿ ಒಂದು ಮೂಲೆ ಆಗಲೇ ಸನ್ಯಾಸಿ ಏಡಿಯ ವಶವಾಗಿತ್ತು.

ಮಧುಕರನ ತಲೆಯಲ್ಲಿ ಮಿಂಚು ಹೊಳೆಯಿತು. ಕಟ್ಟಿದವನೇ ಬಿಚ್ಚಬೇಕು! ಮೇಡಂಗೆ ಬೆನ್ನು ಹಾಕಿ, ಮೊಬೈಲು ಬಾಯಿಗಿಟ್ಟು, ಮತ್ತೆ ಸಾಹೇಬನನ್ನು ಗಂಟಲಿಗೆ ಕರೆದ. ಆದರೆ ಅಲೆ ಚಿಮ್ಮಿ ಒದ್ದೆಯಾದ ಮೈ ನಡುಗುತ್ತಿತ್ತು. ಚಿಪ್ಸ್ ಪೊಟ್ಟಣವಿರಲಿಲ್ಲ, ಹಲ್ಲುಗಳೇ ಕಟಕಟ ಎಂದವು.

“ಅಟ್ಟಟೆನ್ಷನ್... ಫ್ಫೈರಿಂಗ್ ಕ್ಯಾನ್ಸಲ್ ಹೋ ಗಯೀ... ಸಬ್ ನಾವ್ ಜಲ್ದೀ ಆವೋ... ಬಹುತ್ ಜಲ್ದೀ... ಪ್ಲೀಸ್...”

ಅದನ್ನೂ ಫಾರ್ವರ್ಡಿನ ವೇಷದಲ್ಲೇ ಗುಂಪಿಗೆ ಬಿಟ್ಟ. ಅರ್ಧ ನಿಮಿಷದಲ್ಲಿ ಉತ್ತರ ಬಂತು. ‘ಇದು ಫೇಕ್. ಯಾರೋ ಮಿಮಿಕ್ರಿ ಮಾಡ್ಯಾರೆ. ಮೊದಲಿಂದೇ ಖರೆ.’ ಅದರ ಕೆಳಗೆ ಇನ್ನೊಬ್ಬರು: ‘ನೇವಿ ಸಾಹೇಬ್ರು ಪ್ಲೀಸ್ ಅಂತಾರಾ? ಇಂಥೋರನ್ನ ಹಿಡ್ದು ಒಳಗೆ ಹಾಕ್ಬೇಕು.’ ಅದಕ್ಕೆ ಹದಿನೇಳು ಹೆಬ್ಬೆರಳು. ಅದರಲ್ಲಿ ಒಂದು ಮಾಬ್ಲುವಿನದು.

“ಯಾರ ಹತ್ರ ಹಿಂದಿಯಲ್ಲಿ ಅಷ್ಟು ಬೇಡಿಕೊಳ್ತಾ ಇದ್ದೀರಿ?” ಎಂದರು ಮೇಡಂ.

“ಹೆಡ್ ಆಫೀಸು ಮೇಡಂ. ಹೆಲಿಕಾಪ್ಟರಿನ ವ್ಯವಸ್ಥೆ...”

ಪುಸ್ತಕ ಒದ್ದೆಯಾಗದಂತೆ ತಲೆಯ ಮೇಲಿಟ್ಟುಕೊಂಡೇ ಮೇಡಂ ಇನ್ನೊಂದು ಗುರುತು ಹಾಕಿದರು.

*

ಹತ್ತೂಕಾಲು. ನೀರು ದಿಬ್ಬದ ಮೇಲೂ ಮೊಣಕಾಲಿಗೆ ಬಂತು. ಹತ್ತೂವರೆಗೆ ಸೊಂಟ. ಒಂದೊಂದು ಅಲೆಯೂ ಬಂದು, ‘ಇನ್ನೂ ಇಲ್ಲೇ ಇದ್ದೀಯಾ?’ ಎಂಬಂತೆ ಎದೆಗೆ ಗುದ್ದಿ ಹೋಗುತ್ತಿತ್ತು. ಮೇಡಂ ಲೈಫ್ ಜಾಕೆಟ್ಟಿನಲ್ಲಿ ಗಣಪತಿಯ ಹಾಗೆ ನೆಟ್ಟಗೆ ತೇಲಿದರು. ಮಧುಕರ ಅವರ ಜಾಕೆಟ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ನಿಂತ. ಎಲ್ಲ ಬಿಟ್ಟ ಸನ್ಯಾಸಿ ಏಡಿ ಬದುಕು ಮಾತ್ರ ಬಿಡಲಾರದೆ ಅವನ ಅಂಗಿ ಹತ್ತಿ ಹೆಗಲ ಮೇಲೆ ಕೂತಿತ್ತು.

“ನೀವು ಈಜಿ ಹೋಗಿ ಯಾರನ್ನಾದರೂ ಕರಕೊಂಡು ಬನ್ನಿ. ನಾನು ತೇಲ್ತಾ ಇರ್ತೇನೆ” ಎಂದರು ಮೇಡಂ.

ಮಧುಕರ ಉತ್ತರ ಕೊಡಲು ಬಾಯಿ ತೆಗೆದ. ಒಂದು ಅಲೆ ನೇರ ಒಳಗೆ ಹೋಯಿತು. ಉಪ್ಪುನೀರು ಇಳಿದದ್ದೇ, ಹೆದರಿದ ಕಡಲ ಸೌತೆಗೆ ಏನಾಗುತ್ತದೋ ಅದೇ ಅವನಿಗೂ ಆಯಿತು. ಒಳಗಿದ್ದದ್ದೆಲ್ಲ ಹೊರಗೆ ಬಂತು.

“ಮೇಡಂ, ನಂಗೆ ಈಜು ಬರೂದಿಲ್ಲ!” ನಯದ ಕನ್ನಡ ಅಲೆಯಲ್ಲಿ ಕೊಚ್ಚಿಹೋಗಿ ಕೇಣಿಯ ಕನ್ನಡ ಉಳಿದಿತ್ತು. “ನಾ ಪರ್ಮನೆಂಟೂ ಅಲ್ಲ! ಓದಿದ್ದು ಬಿ.ಕಾಂ.! ಈ ಬಂಡೆಗೆ ಗಂಗೂ ಅಂತ ಒಬ್ಬಳು ಬರ್ತಾಳೆ, ಅವಳ ಅತ್ತೆ ಕಾಲದಿಂದ್ಲೂ ಕಲ್ವ ತೆಗೀತಾಳೆ! ಅವಳನ್ನ ತಡೆಯೂಕೆ ನಾನೇ ಫೈರಿಂಗ್ ಅಂತ ಸುಳ್ಳು ಬಿಟ್ಟೆ! ಅದಕ್ಕೇ ಬೋಟು ಬರ್ಲಿಲ್ಲ! ಹೆಡ್ ಆಫೀಸಿಲ್ಲ, ಹೆಲಿಕಾಪ್ಟರೂ ಇಲ್ಲ! ನನ್ನ ಕ್ಷಮಿಸಿ ಮೇಡಂ, ಪಟ್ಟಿ ಮಾತ್ರ ಬಿಡಿಸ್ಬೇಡಿ!”

ಮೇಡಂ ತೇಲುತ್ತಲೇ ಅವನ ಮುಖ ನೋಡಿದರು. “ಮತ್ತೆ ಕುಡಿಯೋದು?”

“ಈಗ ಕುಡೀತಾ ಇರೂದಷ್ಟೇ ಮೇಡಂ!”

ನೀರು ಕುತ್ತಿಗೆಗೆ ಬಂತು. ಮಧುಕರ ಕಣ್ಣು ಮುಚ್ಚಿ ಕೇಣಿಯ ಎಲ್ಲ ದೇವರುಗಳನ್ನೂ ಒಂದೊಂದಾಗಿ ಕರೆಯತೊಡಗಿದ. ಅವರೂ ಆ ಗುಂಪಿನಲ್ಲೇ ಇದ್ದರೋ ಏನೋ, ಯಾರೂ ಓಗೊಡಲಿಲ್ಲ.

ಆಗ ಹುಟ್ಟಿನ ಸಪ್ಪಳ ಕೇಳಿತು. ಒಂದು ಸಣ್ಣ ಪಾತಿ ದೋಣಿ. ಅದರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬಳೇ ಹುಟ್ಟು ಹಾಕುತ್ತ, ಇಡೀ ದೇವಬಾಗವನ್ನು ಬೈಯುತ್ತ ಗಂಗೂ.

“ಗಂಡಸ್ರಂತೆ ಗಂಡಸ್ರು! ಯಾರದೋ ಮೊಬೈಲು ಕೂಗ್ತು ಅಂತ ಮನೇಲಿ ಕೂತ್ಕಂಡಾರೆ! ಹುಟ್ಟು ಹಾಕೂಕೆ ಒಬ್ಬ ಬರ್ಲಿಲ್ಲ! ಎಲ್ರನ್ನೂ ಬೇಡಿ ಸಾಕಾಗಿ ಒಬ್ಬಳೇ ಬರೂದ್ರೊಳಗೆ ನನ್ನ ಇಳಿತ ಹಾಳಾಯ್ತು! ಹಬ್ಬುವಾಡದ ಅಕ್ಕೋರಿಗೆ ಕಲ್ವ ಕೊಡ್ತೆ ಅಂದಿದ್ದೆ, ಈಗ ಎಂತ ಮುಖ ತೋರ್ಸೂದು?” ದೋಣಿ ಹತ್ತಿರ ಬಂತು. ನೀರಿನ ಮೇಲಿದ್ದ ಎರಡು ತಲೆ, ಒಂದು ಏಡಿ ಕಂಡು ಗಂಗೂಳ ಹುಟ್ಟು ನಿಂತಿತು.

“ಅಯ್ಯೋ, ವೈಜಯಂತಿ ಅಕ್ಕೋರೆ! ಕಲ್ವ ತರ್ತೆ ಅಂದಿದ್ನಲ್ಲ? ನೀವೇ ತೆಗೆಯೂಕೆ ಬಂದ್ರಾ?”

*

ದೋಣಿಯ ತಳದಲ್ಲಿ ಬಲೆಗೆ ಬಿದ್ದ ಬೊಂಡಾಸ್ ಮೀನಿನ ಹಾಗೆ ಮುದ್ದೆಯಾಗಿ ಬಿದ್ದಿದ್ದ ಮಧುಕರ ಒಂದು ಕಣ್ಣು ತೆಗೆದ.

“ನೀವು... ಪುಣೆಯಿಂದಲೋ ಮುಂಬೈಯಿಂದಲೋ... ಪರೀಕ್ಷೆಗೆ ಬಂದವರಲ್ವಾ ಮೇಡಂ?”

“ಪರೀಕ್ಷೆಗೇ ಬಂದದ್ದು” ಎಂದು ಮೇಡಂ ಸೀರೆಯ ಸೆರಗು ಹಿಂಡಿದರು. “ಹಬ್ಬುವಾಡದಿಂದ. ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತಿಯಾದೆ. ವಿನುತಾ ನನ್ನ ತಂಗಿ ಮಗಳು, ನಾನು ಅವಳ ಮಾವಶಿ. ಹೇಳಿ ಬಂದರೆ ಎಲ್ಲ ಹುಡುಗರೂ ಒಳ್ಳೆಯವರೇ ಆಗಿರ್ತಾರೆ. ಅದಕ್ಕೇ ನಮ್ಮ ಮನೇಲಿ ಹೆಣ್ಣು ಕೊಡೋ ಮೊದಲು ಒಬ್ಬರು ಹೇಳದೆ ಬಂದು ನೋಡಿ ಹೋಗೋದು ರೂಢಿ.”

ಮಧುಕರನ ಇನ್ನೊಂದು ಕಣ್ಣೂ ತೆರೆಯಿತು. ಅವನ ಒದ್ದೆ ಮುಖದ ಮೇಲೆ ಮೊದಲು ಬೆಳಕು ಬಂತು. ಹಾಗಾದರೆ ಪರೀಕ್ಷಕರು ಇವರಲ್ಲ! ಹಾಗಾದರೆ ಬಂಡೆಯ ಮೇಲೆ ಕಾರಿಕೊಂಡ ಸತ್ಯ ಆಫೀಸು ಮುಟ್ಟಿಲ್ಲ! ಅರ್ಜಿ ಉಳಿಯಿತು, ಕೆಲಸ ಉಳಿಯಿತು! ಆ ಬೆಳಕು ದೋಣಿ ರಿಸಾರ್ಟಿನ ಜೆಟ್ಟಿ ಮುಟ್ಟುವವರೆಗೆ, ಅಂದರೆ ಸುಮಾರು ಏಳು ನಿಮಿಷ, ಉರಿಯಿತು.

ಜೆಟ್ಟಿಯ ಮೇಲೆ ಆಶಿಷ ನಿಂತಿದ್ದ. ಮುಖ ಕುದಿಸಿದ ಏಡಿಯ ಬಣ್ಣ.

“ಪರೀಕ್ಷಕರ ಫೋನು ಬಂದಿತ್ತು, ಒಂದೂವರೆ ಗಂಟೆ ಮಾತಾಡಿ ಕೈಕಾಲು ಹಿಡಿದೆ!” ಎಂದು ಕೂಗಿದ. “ಬೆಳಿಗ್ಗೆ ಲಾಡ್ಜಿನವರು ಅವರಿಗೆ ಅದೇನೋ ದನಿ ಕೇಳಿಸಿದ್ರಂತೆ. ಬೋಟಿಗೆ ಬರೋ ಬದಲು ವಾಪಸು ರೈಲು ಹತ್ತಿದಾರೆ! ಅವರ ವರದಿ ಗೊತ್ತಾ? ‘ಗುಂಡು ಹಾರಿಸುವ ಪ್ರದೇಶದಲ್ಲಿನ ಬಂಡೆಸಾಲು. ಇನ್ನು ಐದು ವರ್ಷ ಅರ್ಜಿ ಹಾಕುವಂತಿಲ್ಲ.’ ಆ ದನಿ ನಾನೂ ಕೇಳಿದೆ ಮಧುಕರ್. ಅದರ ಹಿಂದೆ ಕರಕರ ಅನ್ನೋದು ಯಾವ ಚಿಪ್ಸು ಅಂತಾನೂ ನಂಗೊತ್ತು. ಸ್ಟೋರಲ್ಲಿ ಒಂದು ಪ್ಯಾಕೆಟ್ ಕಡಿಮೆ ಇದೆ!”

“ಸರ್, ಫೈರಿಂಗು...”

“ಇದೆ. ಇವತ್ತೇ ಇದೆ. ನಾನೇ ಮಾಡ್ತೀನಿ. ಮೈ ಒರೆಸಿಕೊಂಡು ಆಫೀಸಿಗೆ ಬಾ.”

ಗಂಗೂ ಎಲ್ಲವನ್ನೂ ಕೇಳಿಸಿಕೊಂಡಳು. ಹುಟ್ಟನ್ನು ದೋಣಿಯಲ್ಲಿ ಇಟ್ಟಳು. “ಓ! ಆ ಸಾಹೇಬ ನೀನಾ? ಹದಿನೈದು ದಿನ ಬಿಟ್ಟು ಮುಂದಿನ ಇಳಿತ ಬರ್ತದೆ ತಮಾ. ಇವತ್ತಿನ ಕಲ್ವ, ಆವತ್ತಿನ ಕಲ್ವ, ಎರಡು ಬುಟ್ಟಿ. ಎರಡೂ ನೀನೇ ಹೊರೂದು. ಕೆಲಸ ಹ್ಯಾಂಗೂ ಇಲ್ಲ.”

ಮಧುಕರ ಕೊನೆಯ ಆಸೆಯಿಂದ ವೈಜಯಂತಿ ಟೀಚರ ಕಡೆ ತಿರುಗಿ, ಹೆಗಲ ಮೇಲಿನ ಏಡಿಯ ಸಮೇತ ಕೈಮುಗಿದ. “ಮಾವಶಿ, ಕೊನೆಗೆ ಎಲ್ಲ ಖರೆ ಹೇಳಿದ್ನಲ್ಲ? ಒಂದೂ ಬಿಡ್ಲಿಲ್ಲ!”

ಟೀಚರು ಪುಸ್ತಕ ಬಿಡಿಸಿ ಒದ್ದೆ ಹಾಳೆಯಲ್ಲಿನ ಕೆಂಪು ಗುರುತುಗಳನ್ನು ಒಂದೊಂದಾಗಿ ಕೂಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಮೂವತ್ತೆರಡು ವರ್ಷ ಫೇಲಾದ ಮಕ್ಕಳ ತಂದೆತಾಯಿಗೆ ಹೇಳಿ ಹೇಳಿ ಮೆತ್ತಗಾದ ದನಿಯಲ್ಲಿ ಹೇಳಿದರು.

“ಹೇಳಿದೆ ತಮಾ. ಹುಡುಗ ಕೆಟ್ಟವನಲ್ಲ. ಆದರೆ ನೀನು ಖರೆ ಹೇಳಬೇಕಾದರೆ ನೀರು ಕುತ್ತಿಗೆಗೆ ಬರಬೇಕು. ನಮ್ಮ ಮನೇಲಿ ನಲ್ಲಿ ಬರೋದು ದಿನಕ್ಕೆ ಒಂದೇ ತಾಸು. ಪ್ರತಿ ಸಲ ಅಷ್ಟು ನೀರು ಎಲ್ಲಿಂದ ತರೋದು?”

ಅಷ್ಟರಲ್ಲಿ, ನೀರು ಹೋಗದ ಚೀಲದಲ್ಲಿ ಕೊರಳಿಗೆ ನೇತುಬಿದ್ದಿದ್ದ ಮೊಬೈಲು ಟಿಣ್ ಎಂದಿತು. ಕೇಣಿಯಿಂದ ಆಯಿ ಒಂದು ದನಿ ಕಳಿಸಿದ್ದಳು. ಕರ್ರ್, ಅಟೆನ್ಷನ್, ಅಟೆನ್ಷನ್. ಕೆಳಗೆ ಒಂದು ಸಾಲು: ‘ತಮಾ, ಖರೆನೋ ಸುಳ್ಳೋ ಗೊತ್ತಿಲ್ಲ. ಹುಷಾರು.’

ಮಧುಕರ ಒಣ ನೆಲದ ಮೇಲೆ ನಿಂತು, ಯಾವ ಗರಜೂ ಇಲ್ಲದೆ, ಅಂದಿನ ಮೊದಲ ಸತ್ಯವನ್ನು ಒತ್ತಿದ. ‘ಸುಳ್ಳು ಆಯಿ. ಅದು ನಾನೇ ಮಾಡಿದ್ದು.’

ಆಯಿಯ ಉತ್ತರ ಕೂಡಲೇ ಬಂತು.

‘ಸುಮ್ನಿರು. ನೀ ಯಾವಾಗ ಖರೆ ಹೇಳಿದ್ದೆ?’